ವುಝೂವಿನ ನೀರಿನಲ್ಲಿ ಕಂಡ ರಕ್ತ

ಆರ್.ಟಿ. ನಗರದ ಆಸುಪಾಸಿನ ಮದ್ರಸವೊಂದರಲ್ಲಿ ನಮ್ಮೊಡನೆ ಹಿರಿಯ ಖಾರಿ ಸಾಹೇಬರೊಬ್ಬರು ಕುರ್‌ಆನ್ ಪಾರಾಯಣ ಕಲಿಸುತ್ತಿದ್ದಾರೆ. ಕೆಲವು ವರ್ಷಗಳ ಹಿಂದೆ ಒಂದು ದಿನ ಅಸ್ರ್ ನಮಾಝಿಗೆ ಮುನ್ನ ಅವರು ವುಝೂಖಾನೆಯಲ್ಲಿ ಬಾಯಿ ಮುಕ್ಕಳಿಸಿ ಉಗುಳಿದ ನೀರು ಕೆಂಪಾಗಿತ್ತು. “ಮೌಲಾನಾ, ಇದಕ್ಕೇನು ಹುಕುಂ?” ಎಂದು ಕೇಳಿದರು. ನಾವು ಓದಿದ್ದನ್ನು ಒಪ್ಪಿಸಿದೆವು: ಹನಫೀ ವಿದ್ವಾಂಸರ ಪ್ರಕಾರ ಉಗುಳಿನಲ್ಲಿ ರಕ್ತವೇ ಹೆಚ್ಚಾಗಿದ್ದರೆ ಅಥವಾ ಸರಿಸಮವಾಗಿದ್ದರೆ ವುಝೂ ಮುರಿಯುತ್ತದೆ, ಉಗುಳು ಹೆಚ್ಚಾಗಿ ಬಣ್ಣ ಕೇವಲ ಹಳದಿಯಾಗಿದ್ದರೆ ಮುರಿಯುವುದಿಲ್ಲ, ಕರಾವಳಿಯ ನಮ್ಮ ಶಾಫಿಈ ಸಹೋದರರ ಪ್ರಕಾರ ರಕ್ತದಿಂದ ವುಝೂ ಮುರಿಯದು, ಬಾಯಿ ತೊಳೆದುಕೊಳ್ಳಬೇಕಷ್ಟೆ. ಅವರು ಮತ್ತೊಮ್ಮೆ ವುಝೂ ಮಾಡಿ ಸಫ್‌ನಲ್ಲಿ ನಿಂತರು. ವಿಷಯ ಅಲ್ಲಿಗೆ ಮುಗಿಯಿತೆಂದು ನಾವು ಭಾವಿಸಿದೆವು.

ಅದು ಮುಗಿದಿರಲಿಲ್ಲ. ಸುಮಾರು ಎರಡು ವರ್ಷ ಅವರು ಹೀಗೆಯೇ ಒಂದೊಂದು ನಮಾಝಿಗೆ ಎರಡೆರಡು ಬಾರಿ ವುಝೂ ಮಾಡಿದರು. ಉಪ್ಪುನೀರು, ಲವಂಗದೆಣ್ಣೆ, ಪರಿಚಿತರು ಕೊಟ್ಟ ಯಾವುದೋ ಹಲ್ಲುಪುಡಿ, ಎಲ್ಲವನ್ನೂ ಪ್ರಯೋಗಿಸಿದರು. ರಕ್ತ ಬರುವ ಜಾಗವನ್ನು ಮಿಸ್ವಾಕ್ ಮುಟ್ಟದಂತೆ ಜಾಗ್ರತೆ ವಹಿಸಿದರು. ಇದು ನಮ್ಮಲ್ಲಿ ಬಹುತೇಕರು ಮಾಡುವ ತಪ್ಪು. ಎಲ್ಲಿ ಶುಚಿಯ ಅಗತ್ಯ ಹೆಚ್ಚೋ ಅಲ್ಲಿಯೇ ಕೈ ಹಿಂದೆ ಸರಿಯುತ್ತದೆ. ನೋವಿಲ್ಲದ ಕಾರಣ ವೈದ್ಯರ ಬಳಿಗೆ ಹೋಗಬೇಕೆಂದು ಅವರಿಗೆ ಅನಿಸಲಿಲ್ಲ. ನಮಗೂ ಅನಿಸಲಿಲ್ಲ ಎಂಬುದನ್ನು ನಾವು ಒಪ್ಪಿಕೊಳ್ಳಲೇಬೇಕು. ರಕ್ತದ ಹುಕುಂ ಏನೆಂದು ಎಷ್ಟೋ ಸಲ ಹೇಳಿದ ನಾವು, ರಕ್ತ ಏಕೆ ಬರುತ್ತಿದೆ ಎಂದು ಒಮ್ಮೆಯೂ ಕೇಳಲಿಲ್ಲ.

ಕೊನೆಗೆ ಮಾತನಾಡಿದ್ದು ತಜ್ವೀದ್. ಅರಬಿ ಅಕ್ಷರಗಳಲ್ಲಿ ಸಾ, ಝಾಲ್, ಝಾ ಎಂಬ ಮೂರರ ಉಚ್ಚಾರಕ್ಕೆ ನಾಲಗೆಯ ತುದಿಯು ಮೇಲಿನ ಮುಂದಿನ ಹಲ್ಲುಗಳ ಅಂಚನ್ನು ತಾಕಬೇಕು. ಫಾ ಅಕ್ಷರಕ್ಕೆ ಅದೇ ಹಲ್ಲುಗಳ ಅಂಚು ಕೆಳತುಟಿಯ ಒಳಮಗ್ಗುಲನ್ನು ಮುಟ್ಟಬೇಕು. ಖಾರಿ ಸಾಹೇಬರ ಆ ಹಲ್ಲುಗಳು ಒಸಡಿನಿಂದ ಸಡಿಲಗೊಂಡು ಮುಂದಕ್ಕೆ ಬಾಗಿ, ನಡುವೆ ಸಂದು ಬಿಟ್ಟುಕೊಂಡಿದ್ದವು. ತರಗತಿಯ ಮಕ್ಕಳು ಝಾಲ್ ಅಕ್ಷರವನ್ನು ಗಾಳಿ ಸೋರುವಂತೆ ಉಚ್ಚರಿಸತೊಡಗಿದಾಗ, ತಪ್ಪು ಮಕ್ಕಳದ್ದಲ್ಲ, ಅವರು ಕೇಳಿದ್ದನ್ನೇ ಹೇಳುತ್ತಿದ್ದಾರೆ ಎಂಬುದು ನಮಗೆ ತಿಳಿಯಿತು. ಮೂವತ್ತು ವರ್ಷ ಅಕ್ಷರ ತಿದ್ದಿದ ಮನುಷ್ಯನಿಗೆ ಅದನ್ನು ಹೇಳುವುದು ಸುಲಭವಾಗಿರಲಿಲ್ಲ.

ಅವರನ್ನು ದಂತ ಚಿಕಿತ್ಸಾಲಯವೊಂದಕ್ಕೆ ಕರೆದೊಯ್ದೆವು. ವೈದ್ಯರು ನೋಡಿ, ಮೊದಲು ಹಲ್ಲು ಶುಚಿಗೊಳಿಸಬೇಕೆಂದು ಒಳಕೋಣೆಗೆ ಕಳುಹಿಸಿದರು. ಅಲ್ಲಿದ್ದವರು ಡೆಂಟಲ್ ಹೈಜೀನಿಸ್ಟ್, ಅಂದರೆ ದಂತ ನೈರ್ಮಲ್ಯದಲ್ಲಿ ತರಬೇತಿ ಪಡೆದ ಒಬ್ಬ ಮಹಿಳೆ. ಆಕೆ ಒಸಡಿನ ಸಂದುಗಳಿಗೆ ಸಣ್ಣ ಅಳತೆಗೋಲನ್ನು ಇಳಿಸಿ ಒಂದೊಂದು ಹಲ್ಲಿನ ಸುತ್ತಲೂ ಅಂಕಿ ಬರೆದುಕೊಂಡರು. ಬಳಿಕ ಕೇಳಿದ ಪ್ರಶ್ನೆಗಳು ಹಲ್ಲಿಗೆ ಸಂಬಂಧಿಸಿದವುಗಳಾಗಿರಲಿಲ್ಲ. ರಾತ್ರಿ ಎಷ್ಟು ಸಲ ಏಳುತ್ತೀರಿ? ಬಾಯಿ ಒಣಗುತ್ತದೆಯೇ? ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ? ನಂತರ ಬೆರಳಿನ ತುದಿಯಿಂದ ಒಂದು ಹನಿ ರಕ್ತ ತೆಗೆದು ಉಪಕರಣಕ್ಕೆ ಹಚ್ಚಿದರು. ಅಂಕಿ ಮುನ್ನೂರನ್ನು ದಾಟಿತ್ತು. ಖಾರಿ ಸಾಹೇಬರಿಗೆ ಮಧುಮೇಹವಿದೆ ಎಂಬುದನ್ನು ಮೊದಲು ಗುರುತಿಸಿದವರು ಹೀಗೆ ಹಲ್ಲು ಉಜ್ಜಲು ಕುಳಿತ ಹೆಣ್ಣುಮಗಳು. ಆಕೆ ತಾನೇ ಔಷಧಿ ಕೊಡಲಿಲ್ಲ. ಚೀಟಿಯೊಂದನ್ನು ಬರೆದು ವೈದ್ಯರ ಸಹಿ ಪಡೆದು, ಇಂದೇ ಹೋಗಿ ತೋರಿಸಿ ಎಂದಷ್ಟೇ ಹೇಳಿದರು.

ಈ ಹೈಜೀನಿಸ್ಟ್ ಎಂಬ ವೃತ್ತಿಯ ಹೆಸರನ್ನೇ ಕೇಳದ ಕುಟುಂಬಗಳು ನಮ್ಮಲ್ಲಿ ಬಹಳ. ಆದರೆ ಈ ವೃತ್ತಿ ನಮ್ಮ ದೇಶದ ಕಾನೂನಿಗೆ ಹೊಸದೇನಲ್ಲ. 1948ರ ದಂತವೈದ್ಯರ ಕಾಯ್ದೆಯಲ್ಲಿಯೇ ಇದಕ್ಕೆ ವ್ಯಾಖ್ಯಾನವಿದೆ: ಹಲ್ಲಿನ ಗಾರೆ ತೆಗೆಯುವುದು, ಶುಚಿಗೊಳಿಸುವುದು, ಹೊಳಪು ಕೊಡುವುದು ಮತ್ತು ದಂತ ನೈರ್ಮಲ್ಯದ ಬಗ್ಗೆ ತಿಳಿಹೇಳುವುದು. ಇವರಿಗಾಗಿ ರಾಜ್ಯ ದಂತ ಪರಿಷತ್ತಿನಲ್ಲಿ ಪ್ರತ್ಯೇಕ ನೋಂದಣಿ ಪುಸ್ತಕವಿದೆ. ಪಿಯುಸಿಯ ಬಳಿಕ ಎರಡು ವರ್ಷದ ಶಿಕ್ಷಣ. ಜಗತ್ತಿನಲ್ಲಿ ಇದರ ಆರಂಭ ಇನ್ನೂ ಹಿಂದಿನದು. ಅಮೆರಿಕದ ಬ್ರಿಡ್ಜ್‌ಪೋರ್ಟ್ ಎಂಬ ಊರಿನ ದಂತವೈದ್ಯ ಆಲ್ಫ್ರೆಡ್ ಫೋನ್ಸ್ 1906ರಲ್ಲಿ ತನ್ನ ಸಹಾಯಕಿ ಐರೀನ್ ನ್ಯೂಮನ್‌ರಿಗೆ ಹಲ್ಲು ಶುಚಿಗೊಳಿಸುವ ವಿದ್ಯೆಯನ್ನು ಕಲಿಸಿದರು. 1913ರಲ್ಲಿ ಮೊದಲ ಶಾಲೆ ತೆರೆದರು. ಅಲ್ಲಿ ಕಲಿತ ಮಹಿಳೆಯರು ಆ ಊರಿನ ಸರ್ಕಾರಿ ಶಾಲೆಗಳಿಗೆ ಹೋಗಿ ಮಕ್ಕಳ ಬಾಯಿಯನ್ನು ಪರೀಕ್ಷಿಸಿದರು. ಅಂದರೆ ಈ ವೃತ್ತಿ ಹುಟ್ಟಿನಿಂದಲೇ ರೋಗಿ ಬರಲೆಂದು ಕಾಯುತ್ತ ಕೂರದೆ ಜನರಿದ್ದಲ್ಲಿಗೆ ಹೋಗುವ ವೃತ್ತಿ. ಬ್ರಿಟನ್ನಿನಲ್ಲಿ 2013ರಿಂದ ಜನರು ದಂತವೈದ್ಯರ ಅಪ್ಪಣೆಗೆ ಕಾಯದೆ ನೇರವಾಗಿ ಹೈಜೀನಿಸ್ಟರ ಬಳಿಗೆ ಹೋಗಬಹುದಾಗಿದೆ.

ಬಾಯಿಗೂ ಸಕ್ಕರೆಗೂ ಏನು ಸಂಬಂಧ ಎಂದು ಖಾರಿ ಸಾಹೇಬರು ಆ ದಿನ ದಾರಿಯುದ್ದಕ್ಕೂ ಕೇಳುತ್ತಿದ್ದರು. ನಾವು ಬಳಿಕ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇವೆ. ಹಲ್ಲಿನ ಮೇಲೆ ಕೂರುವ ಮೃದುವಾದ ಪೊರೆ ಬ್ಯಾಕ್ಟೀರಿಯಾಗಳ ವಸತಿ. ಮಿಸ್ವಾಕ್ ಅಥವಾ ಬ್ರಷ್ ಅದನ್ನು ತೆಗೆಯಬಲ್ಲದು. ತೆಗೆಯದೆ ಬಿಟ್ಟರೆ ಉಗುಳಿನಲ್ಲಿರುವ ಲವಣಗಳು ಸೇರಿ ಅದು ಗಾರೆಯಂತೆ ಗಟ್ಟಿಯಾಗುತ್ತದೆ. ಅನಂತರ ಯಾವ ಕಡ್ಡಿಗೂ ಅದು ಜಗ್ಗದು. ಗಾರೆಯ ಅಡಿಯಲ್ಲಿ, ಒಸಡು ಮತ್ತು ಹಲ್ಲಿನ ನಡುವೆ ಜೇಬಿನಂತಹ ಸಂದು ಉಂಟಾಗುತ್ತದೆ. ಅಲ್ಲಿ ಗಾಳಿಯ ಅಗತ್ಯವಿಲ್ಲದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ, ಶರೀರವು ಅವುಗಳೊಡನೆ ಹಗಲಿರುಳು ಹೋರಾಡುತ್ತದೆ. ಆ ಹೋರಾಟದ ಉರಿಯೂತ ಬಾಯಿಯಲ್ಲೇ ನಿಲ್ಲದೆ ರಕ್ತದ ಮೂಲಕ ಇಡೀ ದೇಹವನ್ನು ಸೇರುತ್ತದೆ, ಇನ್ಸುಲಿನ್ನಿನ ಕೆಲಸವನ್ನು ಕುಂದಿಸುತ್ತದೆ. ಇತ್ತ ಸಕ್ಕರೆ ಏರಿದಷ್ಟೂ ಒಸಡಿನ ಸೋಂಕು ಉಲ್ಬಣಿಸುತ್ತದೆ. ಎರಡು ಕಾಯಿಲೆಗಳು ಪರಸ್ಪರ ಕೈಹಿಡಿದು ನಡೆಯುತ್ತವೆ.

ಒಸಡಿನ ಆಳವಾದ ಶುಚಿಕಾರ್ಯದ ಬಳಿಕ ಮೂರು ನಾಲ್ಕು ತಿಂಗಳಲ್ಲಿ ಮಧುಮೇಹಿಗಳ ಎಚ್‌ಬಿಎ1ಸಿ ಅಂಕಿ ಸರಾಸರಿ 0.4ರಷ್ಟು ಇಳಿಯುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಮೀಕ್ಷೆ 2022ರಲ್ಲಿ ವರದಿ ಮಾಡಿತು. ಅಂಕಿ ಚಿಕ್ಕದಾಗಿ ಕಾಣಬಹುದು. ಆದರೆ ಇದು ಯಾವ ಗುಳಿಗೆಯನ್ನೂ ಹೆಚ್ಚಿಸದೆ, ಕೇವಲ ಬಾಯಿಯನ್ನು ಶುಚಿಗೊಳಿಸಿ ದೊರೆತ ಇಳಿಕೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ ದೇಶದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ. ನಮ್ಮ ದಾವತ್‌ಗಳ ಬಿರಿಯಾನಿ, ಶೀರ್ ಖುರ್ಮಾ, ದಿನಕ್ಕೆ ಐದಾರು ಲೋಟ ಸಕ್ಕರೆ ಚಹಾ, ಕುಳಿತೇ ಮಾಡುವ ವ್ಯಾಪಾರ ಇವುಗಳನ್ನು ನೋಡಿದರೆ ಆ ಲೆಕ್ಕದಲ್ಲಿ ನಮ್ಮ ಮೊಹಲ್ಲಾಗಳ ಪಾಲು ಎಷ್ಟೆಂದು ಯಾರೂ ನಮಗೆ ಹೇಳಬೇಕಾಗಿಲ್ಲ.

ಹೃದಯದ ವಿಷಯದಲ್ಲಿ ಮಾತ್ರ ನಾವು ಎಚ್ಚರದಿಂದ ಮಾತನಾಡಬೇಕು. ಒಸಡಿನ ರೋಗವಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿ ಕಾಣುತ್ತದೆ ನಿಜ. ಒಂದು ಇನ್ನೊಂದಕ್ಕೆ ನೇರ ಕಾರಣವೆಂದು ಸಾಬೀತಾಗಿಲ್ಲ. ಹಲ್ಲು ಶುಚಿ ಮಾಡಿಸಿದರೆ ಹೃದಯಾಘಾತ ಬರುವುದಿಲ್ಲ ಎಂದು ವಾಟ್ಸಾಪಿನಲ್ಲಿ ಬರೆಯುವವರನ್ನು ನಂಬಬೇಡಿ.

ಹಾಸಿಗೆ ಹಿಡಿದ ಹಿರಿಯರ ವಿಷಯ ಹಾಗಲ್ಲ. ಜಪಾನಿನ 11 ವೃದ್ಧಾಲಯಗಳಲ್ಲಿ ಎರಡು ವರ್ಷ ನಡೆದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಕೆಲವು ವೃದ್ಧರಿಗೆ ಪ್ರತಿ ಊಟದ ಬಳಿಕ ದಾದಿಯರು ಹಲ್ಲುಜ್ಜಿದರು, ವಾರಕ್ಕೊಮ್ಮೆ ದಂತವೈದ್ಯರು ಅಥವಾ ಹೈಜೀನಿಸ್ಟರು ಬಂದು ಬಾಯಿ ಶುಚಿಗೊಳಿಸಿದರು. ಉಳಿದವರು ಎಂದಿನಂತೆ ಇದ್ದರು. ನ್ಯುಮೋನಿಯಾ ಬಂದದ್ದು ಉಳಿದವರಲ್ಲಿ ನೂರಕ್ಕೆ 19 ಜನರಿಗೆ, ಬಾಯಿಯ ಆರೈಕೆ ಪಡೆದವರಲ್ಲಿ ನೂರಕ್ಕೆ 11 ಜನರಿಗೆ. ಬಾಯಿಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಉಗುಳಿನೊಡನೆ ಶ್ವಾಸಕೋಶಕ್ಕೆ ಜಾರುವುದೇ ಇದಕ್ಕೆ ಕಾರಣ. ನಮ್ಮ ಮನೆಗಳಲ್ಲಿ ವೃದ್ಧ ತಾಯಿಗೆ ಹೊತ್ತುಹೊತ್ತಿಗೆ ಗಂಜಿ ಉಣಿಸುತ್ತೇವೆ, ಮೈ ಒರೆಸುತ್ತೇವೆ, ಸೊಸೆಯಂದಿರು ತಲೆ ಬಾಚುತ್ತಾರೆ. ಬಾಯಿಯನ್ನು ಮಾತ್ರ ಯಾರೂ ತೆರೆದು ನೋಡುವುದಿಲ್ಲ. ಪ್ರವಾದಿ(ಸ)ರವರ ಅಂತಿಮ ಘಳಿಗೆಗಳಲ್ಲಿ ಹಝ್ರತ್ ಆಯಿಶಾ(ರ) ಮಿಸ್ವಾಕನ್ನು ತಮ್ಮ ಬಾಯಿಯಲ್ಲಿ ಮೃದುಗೊಳಿಸಿ ಅವರ ಕೈಗೆ ಕೊಟ್ಟ ಘಟನೆಯನ್ನು ನಾವು ಕಣ್ಣೀರಿಟ್ಟು ಮಿಂಬರಿನಿಂದ ವರ್ಣಿಸುತ್ತೇವೆ. ರೋಗಶಯ್ಯೆಯಲ್ಲಿರುವ ವ್ಯಕ್ತಿಯ ಬಾಯಿಯ ಆರೈಕೆ ಎಂಬ ದೃಷ್ಟಿಯಿಂದ ಅದನ್ನು ಎಂದಾದರೂ ನೋಡಿದ್ದೇವೆಯೇ?

ಉಮ್ಮತ್‌ಗೆ ಕಷ್ಟವಾಗುವ ಭಯವಿಲ್ಲದಿದ್ದರೆ ಪ್ರತಿ ನಮಾಝಿಗೂ ಮಿಸ್ವಾಕನ್ನು ಕಡ್ಡಾಯಗೊಳಿಸುತ್ತಿದ್ದೆನೆಂಬ ಅರ್ಥದ ಪ್ರವಾದಿ ವಚನವನ್ನು ಅರಿಯದ ಮದ್ರಸದ ಮಗುವಿಲ್ಲ. ಆದರೆ ಮಿಸ್ವಾಕ್ ಜುಬ್ಬದ ಜೇಬಿನ ಅಲಂಕಾರವಾಗಿ, ಉಮ್ರಾದಿಂದ ತಂದು ಹಂಚುವ ಉಡುಗೊರೆಯಾಗಿ ಉಳಿದುಬಿಟ್ಟಿದೆ. ಮುಂದಿನ ನಾಲ್ಕು ಹಲ್ಲುಗಳ ಮೇಲೆ ಅಡ್ಡಡ್ಡ ಎಳೆದು ಜೇಬಿಗೆ ಹಾಕಿದರೆ ಸುನ್ನತ್ ನೆರವೇರಿತೆಂದು ತೃಪ್ತರಾಗುತ್ತೇವೆ. ಒಳಗಿನ ದವಡೆ ಹಲ್ಲುಗಳಿಗೆ, ಒಸಡಿನ ಅಂಚಿಗೆ ಅದು ತಲುಪುವುದೇ ಇಲ್ಲ. ಕಡ್ಡಿಯನ್ನು ಹೇಗೆ ಹಿಡಿಯಬೇಕು, ಎಳೆಗಳನ್ನು ಎಷ್ಟು ದಿನಕ್ಕೊಮ್ಮೆ ಕತ್ತರಿಸಬೇಕು, ಯಾರಿಗೆ ಮೆತ್ತನೆಯ ಬ್ರಷ್ ಕೂಡ ಬೇಕು ಎಂಬುದನ್ನು ನಮಗೆ ಕಲಿಸಿದವರು ನಮ್ಮ ಗುರುಗಳಲ್ಲ, ಆ ಹೈಜೀನಿಸ್ಟ್. ಆಕೆ ಮುಸ್ಲಿಮರೂ ಅಲ್ಲ. ಖಾರಿ ಸಾಹೇಬರ ಜೇಬಿನಿಂದ ಮಿಸ್ವಾಕ್ ತೆಗೆಸಿ, ಕನ್ನಡಿ ಹಿಡಿದು, ಇದನ್ನೇ ಹೀಗೆ ಬಳಸಿ ಎಂದು ತೋರಿಸಿದರು.

ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ನಂಬಿಕೆ ಹೆಬ್ಬಾಳದಿಂದ ಯಲಹಂಕದವರೆಗೆ ಮನೆಮನೆಯಲ್ಲಿದೆ. ಇದಕ್ಕೆ ಉತ್ತರ ಸರಳ. ಹಲ್ಲು ಮೊದಲೇ ಸಡಿಲವಾಗಿರುತ್ತದೆ. ಗಾರೆಯು ಒಂದಕ್ಕೊಂದನ್ನು ಅಂಟಿಸಿ ಹಿಡಿದಿರುತ್ತದೆ. ಗಾರೆ ಹೋದಾಗ, ಊದಿಕೊಂಡ ಒಸಡು ಇಳಿದಾಗ, ಇದ್ದ ಸಂದು ಕಣ್ಣಿಗೆ ಬೀಳುತ್ತದೆ. ಇನ್ನೊಂದು ಮೋಸವೂ ಇದೆ: ತಂಬಾಕು ಸೇವಿಸುವವರ ಒಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ. ಅವರು ತಮ್ಮ ಬಾಯಿ ಗಟ್ಟಿಯಾಗಿದೆಯೆಂದು ಹೆಮ್ಮೆಪಡುತ್ತಾರೆ, ಒಳಗೆ ಮೂಳೆ ಕರಗುತ್ತಿರುತ್ತದೆ.

ತಂಬಾಕಿನ ಮಾತು ಬಂದ ಮೇಲೆ ಅಡಿಕೆಯನ್ನು ಬಿಡಲಾಗದು. ತಂಬಾಕು ಸೇರಿಸದ ಎಲೆಯಡಿಕೆಯೂ, ಅಡಿಕೆಯೂ ಕ್ಯಾನ್ಸರ್‌ಕಾರಕಗಳೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧಿತ. ಯಶವಂತಪುರದ ಮಾರುಕಟ್ಟೆಯಲ್ಲಿ ಲಾರಿ ಇಳಿಸುವ ನಮ್ಮ ಯುವಕರ ಕೆನ್ನೆಯನ್ನು ನೋಡಿ. ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ, ಬೆರೆಯುವುದು ಬಾಯಿಯಲ್ಲಿ. ಕ್ಯಾನ್ಸರ್ ಬರುವ ಮೊದಲು ಬಾಯಿ ಹಲವು ಸೂಚನೆಗಳನ್ನು ಕೊಡುತ್ತದೆ: ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಾಳದ ಉರಿ, ಬಾಯಿ ಪೂರ್ಣ ತೆರೆಯಲಾಗದ ಬಿಗಿತ. ಹಲ್ಲು ಶುಚಿಗೊಳಿಸುವವರು ಅರ್ಧ ಗಂಟೆ ಆ ಬಾಯಿಯ ಒಳಗನ್ನೇ ನೋಡುತ್ತಿರುತ್ತಾರೆ. ಆ ಮಚ್ಚೆಯನ್ನು ಗುರುತಿಸಿ ಆ ದಿನವೇ ಕಿದ್ವಾಯಿಗೆ ಕಳುಹಿಸಲು ಅವರಿಗಿಂತ ಹತ್ತಿರದವರು ಬೇರಾರಿದ್ದಾರೆ?

ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. 1948ರ ವ್ಯಾಖ್ಯಾನವು ಈ ವೃತ್ತಿಗೆ ಈಗ ಇಕ್ಕಟ್ಟಾಗಿದೆ. ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ಅದರಡಿ ರೂಪುಗೊಳ್ಳುವ ನಿಯಮಗಳಲ್ಲಿ ರಕ್ತದೊತ್ತಡ ಅಳೆಯುವುದು, ಸಕ್ಕರೆಯ ಬೆರಳು ಪರೀಕ್ಷೆ, ಬಾಯಿ ಕ್ಯಾನ್ಸರಿನ ತಪಾಸಣೆ, ಹಾಸಿಗೆ ಹಿಡಿದವರ ಮನೆಭೇಟಿ ಇವು ಹೈಜೀನಿಸ್ಟರ ಕರ್ತವ್ಯವಾಗಬೇಕು. ರೋಗನಿರ್ಣಯ ಮತ್ತು ಔಷಧಿ ವೈದ್ಯರದ್ದೇ ಆಗಿರಲಿ. ನಗರದ ‘ನಮ್ಮ ಕ್ಲಿನಿಕ್’ಗಳಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ಉಚಿತವಾಗಿ ನಡೆಯುತ್ತಿದೆ, ಅಲ್ಲಿಗೆ ವಾರದಲ್ಲಿ ಒಂದು ದಿನ ಹೈಜೀನಿಸ್ಟ್ ಬರುವಂತಾದರೆ ಸಾಲಿನಲ್ಲಿ ಕುಳಿತ ಮಧುಮೇಹಿಯ ಬಾಯಿಯನ್ನೂ ನೋಡಬಹುದು. ರಾಜ್ಯದ ‘ದಂತಭಾಗ್ಯ’ ಯೋಜನೆ ಬಡ ಹಿರಿಯರಿಗೆ ಉಚಿತ ಕೃತಕ ದಂತಪಂಕ್ತಿ ಕೊಡಲೆಂದು ಹುಟ್ಟಿದ್ದು. ಒಳ್ಳೆಯದೇ. ಆದರೆ ಹಲ್ಲು ಉದುರುವವರೆಗೆ ಕಾಯದ ಭಾಗ್ಯವೂ ಬಡವರಿಗೆ ಬೇಕಲ್ಲವೇ?

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ನಮಗೆ ಪರಿಚಿತರಾದ ದಂತವೈದ್ಯರೊಬ್ಬರು, “ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿವೆ. ಹೊಸ ಬಿಡಿಎಸ್ ಪದವೀಧರರಿಗೇ ಕೆಲಸವಿಲ್ಲ. ಎರಡು ವರ್ಷ ಕಲಿತವರನ್ನು ಯಾರು ಇಟ್ಟುಕೊಳ್ಳುತ್ತಾರೆ?” ಎಂದರು. ಮಾತು ಸುಳ್ಳಲ್ಲ. ಹೆಚ್ಚಿನ ಚಿಕಿತ್ಸಾಲಯಗಳಲ್ಲಿ ವೈದ್ಯರೇ ಶುಚಿಕಾರ್ಯವನ್ನೂ ಮಾಡುತ್ತಾರೆ. ಕೆಲವೆಡೆ ಯಾವ ತರಬೇತಿಯೂ ಇಲ್ಲದ ಸಹಾಯಕರ ಕೈಗೆ ಉಪಕರಣ ಕೊಡುತ್ತಾರೆಂದೂ ಕೇಳಿದ್ದೇವೆ. ಆದರೆ ವೈದ್ಯರ ಸಂಖ್ಯೆ ಹೆಚ್ಚಿದಷ್ಟಕ್ಕೇ ಈ ಕೆಲಸ ನಡೆಯುತ್ತಿದೆ ಎಂದಾಗುವುದಿಲ್ಲ. ಬೇರುನಾಳದ ಚಿಕಿತ್ಸೆಗೆ, ಹಲ್ಲು ಕೂರಿಸುವುದಕ್ಕೆ ಸಿಗುವ ಹಣ, ಒಬ್ಬ ಮುದುಕನಿಗೆ ಇಪ್ಪತ್ತು ನಿಮಿಷ ಮಿಸ್ವಾಕ್ ಹಿಡಿಯುವುದನ್ನು ಕಲಿಸಿದರೆ ಸಿಗದು. ಆ ಇಪ್ಪತ್ತು ನಿಮಿಷವನ್ನೇ ತನ್ನ ವೃತ್ತಿಯೆಂದು ತಿಳಿದವರು ಬೇಕು. ಬಿಡಿಎಸ್ ಓದಿ, ಮದುವೆಯ ಬಳಿಕ ಪದವಿ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಕುಳಿತ ಹೆಣ್ಣುಮಕ್ಕಳು ನಮ್ಮ ಬಂಧುಗಳಲ್ಲೇ ಇಬ್ಬರಿದ್ದಾರೆ. ಅವರು ವಾರಕ್ಕೆರಡು ದಿನ ಈ ಕೆಲಸಕ್ಕೆ ಹೊರಟರೆ ಯಾವ ಅತ್ತೆಮನೆಯ ಗೌರವವೂ ಕುಂದುವುದಿಲ್ಲ.

ನಮ್ಮ ಮಹಿಳೆಯರ ದೃಷ್ಟಿಯಿಂದಲೂ ಇದು ಮುಖ್ಯ. ಪರಪುರುಷನೆದುರು ನಿಖಾಬ್ ಸರಿಸಿ ಬಾಯಿ ತೆರೆಯುವ ಸಂಕೋಚದಿಂದ ಹಲ್ಲುನೋವನ್ನು ವರ್ಷಗಟ್ಟಲೆ ಅನುಭವಿಸುವ ತಾಯಂದಿರಿದ್ದಾರೆ. ಅಗತ್ಯ ಬಿದ್ದಾಗ ಪುರುಷ ವೈದ್ಯರಿಂದ ಚಿಕಿತ್ಸೆ ಪಡೆಯಲು ಶರೀಅತ್ತಿನಲ್ಲಿ ಅನುಮತಿಯಿದೆ ಎಂಬುದನ್ನು ಮೊದಲು ಅವರಿಗೆ ತಿಳಿಸಬೇಕು. ಜೊತೆಗೆ, ಮಹಿಳೆಯೇ ಲಭ್ಯವಿರುವಂತೆ ನೋಡಿಕೊಳ್ಳುವುದು ಸಮುದಾಯದ ಹೊಣೆ. ಪಿಯುಸಿ ವಿಜ್ಞಾನ ಮುಗಿಸಿ ನೀಟ್ ಅಂಕ ಸಾಲದೆ ಮನೆಯಲ್ಲಿ ಉಳಿಯುವ ಮಗಳಿಗೆ ಈ ಎರಡು ವರ್ಷದ ಓದಿನ ದಾರಿಯನ್ನು ತೋರಿಸಿದವರು ನಮ್ಮಲ್ಲಿ ಎಷ್ಟು ಜನ?

ರಮಝಾನಿನಲ್ಲಿ ಹಲ್ಲಿನ ಚಿಕಿತ್ಸೆ ಮಾಡಿಸಬಹುದೇ ಎಂದು ಪ್ರತಿ ವರ್ಷ ಕೇಳುತ್ತಾರೆ. ನೀರಾಗಲಿ ರಕ್ತವಾಗಲಿ ಗಂಟಲಿಗೆ ಇಳಿಯದಿದ್ದರೆ ಉಪವಾಸ ಮುರಿಯದು. ಆದರೆ ಶುಚಿಕಾರ್ಯದಲ್ಲಿ ನೀರು ಚಿಮ್ಮುವುದರಿಂದ ಇಫ್ತಾರ್ ನಂತರದ ವೇಳೆ ಪಡೆಯುವುದು ಅಥವಾ ಶಅಬಾನಿನಲ್ಲೇ ಮುಗಿಸಿಕೊಳ್ಳುವುದು ಲೇಸು. ಉಪವಾಸಿಗರಿಗೆ ಮಧ್ಯಾಹ್ನದ ಬಳಿಕ ಮಿಸ್ವಾಕ್ ಶಾಫಿಈ ವಿದ್ವಾಂಸರ ಪ್ರಕಾರ ಮಕ್ರೂಹ್, ಹನಫೀಯರಲ್ಲಿ ಹಾಗಿಲ್ಲ. ಈ ಭೇದವನ್ನೇ ಹಿಡಿದು ಇಡೀ ತಿಂಗಳು ಬಾಯಿ ತೊಳೆಯದಿರುವುದಕ್ಕೆ ಯಾವ ಮದ್‌ಹಬಿನಲ್ಲೂ ಆಧಾರವಿಲ್ಲ.

ಉತ್ತರ ಬೆಂಗಳೂರಿನವರಿಗೆ ದೂರದ ನೆಪವೂ ಇಲ್ಲ. ಚೋಳನಗರದಲ್ಲಿ ಶ್ರೀ ರಾಜೀವ್ ಗಾಂಧಿ ದಂತ ಕಾಲೇಜು, ಮತ್ತಿಕೆರೆಯ ಬದಿಗೆ ರಾಮಯ್ಯ ದಂತ ಕಾಲೇಜು, ಯಲಹಂಕ ದಾಟಿದರೆ ಹುಣಸಮಾರನಹಳ್ಳಿಯಲ್ಲಿ ಕೃಷ್ಣದೇವರಾಯ ದಂತ ಕಾಲೇಜು ಇವೆ. ಇಂತಹ ಕಾಲೇಜುಗಳಲ್ಲಿ ಶುಲ್ಕ ಸಾಮಾನ್ಯವಾಗಿ ಖಾಸಗಿ ಚಿಕಿತ್ಸಾಲಯಗಳಿಗಿಂತ ಕಡಿಮೆ. ಸಾರ್ವಜನಿಕ ದಂತ ಆರೋಗ್ಯದ ವಿಭಾಗಗಳಿಗೆ ಶಿಬಿರ ನಡೆಸುವುದು ಪಾಠದ ಭಾಗವೇ ಆಗಿರುವುದರಿಂದ ಮಸೀದಿ ಸಮಿತಿಯವರು ಒಂದು ಪತ್ರ ಬರೆದು ವಿಚಾರಿಸಬಹುದು.

ಖಾರಿ ಸಾಹೇಬರ ಎರಡು ಹಲ್ಲುಗಳನ್ನು ಉಳಿಸಲಾಗಲಿಲ್ಲ. ಉಳಿದವು ನಿಂತಿವೆ, ಸಕ್ಕರೆಯೂ ಹತೋಟಿಯಲ್ಲಿದೆ, ಅಲ್‌ಹಮ್ದುಲಿಲ್ಲಾಹ್. ಕೂರಿಸಿದ ಹಲ್ಲುಗಳೊಡನೆ ಝಾಲ್ ಅಕ್ಷರವನ್ನು ಮತ್ತೆ ಅಭ್ಯಾಸ ಮಾಡಲು ಅವರಿಗೆ ಎರಡು ತಿಂಗಳು ಹಿಡಿಯಿತು. ಫಜ್ರ್ ಬಳಿಕ ಖಾಲಿ ತರಗತಿಯಲ್ಲಿ ಒಬ್ಬರೇ ಕುಳಿತು ಮಕ್ಕಳ ಖಾಯಿದಾ ಪುಸ್ತಕದಿಂದಲೇ ಓದುತ್ತಿದ್ದರು. ಅವರ ಬಾಯಿಯನ್ನು ಶುಚಿಗೊಳಿಸಿದ ಆ ಸಹೋದರಿ ಈ ಶಅಬಾನಿನ ಮೊದಲ ಭಾನುವಾರ ನಮ್ಮ ಮದ್ರಸಕ್ಕೆ ಬರಲು ಒಪ್ಪಿದ್ದಾರೆ. ಬೆಳಿಗ್ಗೆ ಮಕ್ಕಳಿಗೆ, ಝುಹ್ರ್ ಬಳಿಕ ತಾಯಂದಿರಿಗೆ. ಬಾಯಿ ತೆರೆಯಲು ಮಕ್ಕಳು ಹೆದರುತ್ತಾರೆಂದು ನಾವು ಹೇಳಿದಾಗ, ಮೊದಲು ಕುರ್ಚಿಯಲ್ಲಿ ಕೂರುವವರು ತಾವೇ ಎಂದು ಖಾರಿ ಸಾಹೇಬರು ಹೇಳಿದ್ದಾರೆ.